ಹಾಲೇಶ ನೋಡಿದ ಎರಡನೇ ಭಾಗ

ಸೂರತ್ತಿನ ಉಧ್ನಾದ ಆ ಮಗ್ಗದ ಶೆಡ್ಡಿನಲ್ಲಿ ಹಾಲೇಶನ ಕಿವಿ ಹೋಗಿದೆ ಎಂಬುದು ಯಾರ ಗಮನಕ್ಕೂ ಬರಲಿಲ್ಲ. ಬರುವುದಾದರೂ ಹೇಗೆ? ನೂರಿಪ್ಪತ್ತು ಪವರ್‌ಲೂಮುಗಳು ಒಟ್ಟಿಗೆ ಬಡಿದುಕೊಳ್ಳುವ ಕಡೆ ಕಿವಿಯಿದ್ದವನ ಪಾಡೂ ಒಂದೇ, ಇಲ್ಲದವನ ಪಾಡೂ ಒಂದೇ. ಗಂಟಲು ಹರಿದುಕೊಂಡರೂ ಪಕ್ಕದವನಿಗೆ ಮುಟ್ಟುವುದಿಲ್ಲ ಎಂಬುದನ್ನು ಕೆಲಸಕ್ಕೆ ಸೇರಿದವರೆಲ್ಲ ಮೊದಲ ತಿಂಗಳಲ್ಲೇ ಕಲಿಯುತ್ತಾರೆ. ಆಮೇಲೆ ದನಿ ಹೊರಡಿಸುವ ಗೋಜಿಗೇ ಹೋಗುವುದಿಲ್ಲ. ತುಟಿಯನ್ನಷ್ಟೇ ದೊಡ್ಡದಾಗಿ ಆಡಿಸುತ್ತಾರೆ, ಜೊತೆಗೆ ಒಂದು ಕೈ. ಎರಡು ಬೆರಳು ಚಿಟಿಕೆ ಹೊಡೆದರೆ ನೂಲು ಕಡಿದಿದೆ. ಅಂಗೈಯಿಂದ ಹೊಟ್ಟೆ ಸವರಿಕೊಂಡರೆ ಸೇಠ್ ಬಂದಿದ್ದಾರೆ, ಬೀಡಿ ಎಸೆ.

ಹಾಲೇಶ ಅಲ್ಲಿ ಮಗ್ಗ ರಿಪೇರಿಯ ಮಾಸ್ಟರ್. ದಾವಣಗೆರೆಯ ಬಟ್ಟೆ ಗಿರಣಿಗೆ ಬೀಗ ಬಿದ್ದ ವರ್ಷ, ಇಪ್ಪತ್ಮೂರರ ವಯಸ್ಸಿನಲ್ಲಿ, ಒಂದು ಸ್ಪ್ಯಾನರಿನ ಚೀಲ ಹಿಡಿದು ಸೂರತ್ತಿಗೆ ಬಂದವನು. ಒಡಿಶಾದವರು, ಯುಪಿಯವರು, ಖಾನ್‌ದೇಶದವರು ಎಲ್ಲರೂ ಸೇರಿ ಆಡುವ ಶೆಡ್ಡಿನ ಹಿಂದಿಯನ್ನು ಅವನು ಕಿವಿಯಿಂದ ಕಲಿತದ್ದಕ್ಕಿಂತ ಕಣ್ಣಿನಿಂದ ಕಲಿತದ್ದೇ ಹೆಚ್ಚು. ಇಪ್ಪತ್ತೆಂಟು ವರ್ಷ ಕಳೆಯುವಷ್ಟರಲ್ಲಿ ಶೆಡ್ಡಿನ ಆ ತುದಿಯಲ್ಲಿ ಇಬ್ಬರು ಅವನನ್ನು ಬೈದುಕೊಂಡರೂ ಈ ತುದಿಯಲ್ಲಿ ನಿಂತು ಓದಿಬಿಡುತ್ತಿದ್ದ.

ಮಗಳು ಮಹಿಮಾ ಚಿಕ್ಕವಳಿದ್ದಾಗ ಇದನ್ನೊಂದು ಮಹಾಶಕ್ತಿ ಎಂದೇ ತಿಳಿದಿದ್ದಳು. ಮೂರನೇ ಮಹಡಿಯ ಗ್ಯಾಲರಿಯಲ್ಲಿ ಅಪ್ಪನನ್ನು ನಿಲ್ಲಿಸಿ, ರಸ್ತೆಯ ಆಚೆ ತರಕಾರಿ ಗಾಡಿಯ ಹತ್ತಿರ ನಿಂತ ಹೆಂಗಸು ಏನನ್ನುತ್ತಿದ್ದಾಳೆ ಎಂದು ಕೇಳುವಳು. "ಬೆಂಡಿ ಬಲತಾವೆ, ನಿನ್ನೆವು ಅಂತಾಳೆ" ಎಂದು ಹಾಲೇಶ ಹೇಳಿದರೆ ಕೆಳಗೆ ಓಡಿ ಹೋಗಿ ವಿಚಾರಿಸಿಕೊಂಡು ಬರುವಳು. ಬಂದವಳ ಮುಖ ನೋಡಬೇಕಿತ್ತು. ಅಪ್ಪಂದಿರಿಗೆ ಮಕ್ಕಳ ಕಣ್ಣಲ್ಲಿ ಅಂಥ ಕಾಲವೊಂದು ಇರುತ್ತದೆ. ಹಾಲೇಶನಿಗೆ ಅದು ಸ್ವಲ್ಪ ದೀರ್ಘವಾಗಿಯೇ ಸಿಕ್ಕಿತು.

ಕಿವಿ ಹೋಗತೊಡಗಿದ್ದು ನಲವತ್ತು ದಾಟಿದ ಮೇಲೆ. ಮೊದಲು ಕುಕ್ಕರಿನ ಸೀಟಿ ಹೋಯಿತು, ಆಮೇಲೆ ಬಾಗಿಲ ಬೆಲ್ಲು, ಆಮೇಲೆ ಹೆಂಗಸರ ದನಿ. ಒಮ್ಮೆ ಯಾರಿಗೂ ಹೇಳದೆ ಕಿವಿ ತಪಾಸಣೆಯ ಶಿಬಿರವೊಂದಕ್ಕೆ ಹೋಗಿ ಬಂದ. ಡಾಕ್ಟರು ಕಾಗದದ ಮೇಲೆ ಇಳಿಜಾರಾಗಿ ಹೋದ ಗೆರೆಯೊಂದನ್ನು ತೋರಿಸಿ, ಸತ್ತ ನರ ಮತ್ತೆ ಹುಟ್ಟುವುದಿಲ್ಲ, ಮಷೀನು ಹಾಕಿಕೊಂಡರೆ ಸದ್ದು ದೊಡ್ಡದಾಗುತ್ತದೆ, ಮಾತು ತಿಳಿಯಾಗುವುದಿಲ್ಲ ಎಂದರು. ಹಾಲೇಶ ಆ ಕಾಗದವನ್ನು ನಾಲ್ಕಾಗಿ ಮಡಚಿ ರೈಲ್ವೆ ಹಳಿಯ ಪಕ್ಕದ ಕಸದಲ್ಲಿ ಹಾಕಿ ಮನೆಗೆ ನಡೆದ.

ಮನೆಯಲ್ಲಿ ಮುಚ್ಚಿಡುವುದು ಕಷ್ಟವಾಗಲಿಲ್ಲ. ಹೆಂಡತಿ ಪ್ರೇಮಾ ಸೀರೆಗೆ ಹರಳು ಅಂಟಿಸುವ ಕೆಲಸ ಮಾಡುತ್ತಾಳೆ. ದಿನವಿಡೀ ತಲೆ ತಗ್ಗಿಸಿ ಕೂತಿರುತ್ತಾಳೆ. ಮೂರು ಸಲ ಕರೆದರೆ ಗಂಡನಾದವನು ಒಂದು ಸಲ ಓಗೊಡುವುದು ಲೋಕದ ನಿಯಮ ಎಂದೇ ಅವಳ ನಂಬಿಕೆ. "ಬೇಕಂದ್ರೆ ಕೇಳಿಸ್ತದೆ, ಬ್ಯಾಡಂದ್ರೆ ಇಲ್ಲ, ಅಂಥ ಕಿವಿ ಇವರವು" ಎಂದು ಪಕ್ಕದ ಮನೆಯವರ ಮುಂದೆ ನಗುತ್ತಿದ್ದಳು. ಫೋನು ಬಂದರೆ ಹಾಲೇಶನ ಕೈಗೆ ಯಾವಾಗಲೂ ಎಣ್ಣೆ ಮೆತ್ತಿರುತ್ತಿತ್ತು. "ನೀನೇ ಮಾತಾಡವ್ವ" ಎಂದು ಮಹಿಮಾಳ ಕಡೆ ಚಾಚುವನು. ಉಳಿದದ್ದಕ್ಕೆಲ್ಲ "ಹೂಂ" ಇದ್ದೇ ಇತ್ತು. ಆ ಒಂದಕ್ಷರದ ಬಲದಿಂದ ಎಂಟು ವರ್ಷ ಸಂಸಾರ ಸಾಗಿಸಿದ ಎಂದರೆ ನಂಬುವುದು ಕಷ್ಟ. ಆದರೆ ಎಷ್ಟೋ ಮನೆಗಳಲ್ಲಿ ಅಷ್ಟೂ ಇರುವುದಿಲ್ಲ.

ಯಾಕೆ ಮುಚ್ಚಿಟ್ಟ? ನಾಚಿಕೆಗಲ್ಲ, ಕೆಲಸ ಹೋಗುವ ಹೆದರಿಕೆಗೂ ಅಲ್ಲ. ಹಾಲೇಶನ ಅಪ್ಪನೂ ಗಿರಣಿಯವರೇ, ಅವರ ಕಿವಿಯೂ ಹೀಗೇ ಹೋಗಿತ್ತು. ಅಪ್ಪನಿಗೆ ಕೇಳಿಸುವುದಿಲ್ಲ, ಒಬ್ಬರೇ ಹೊರಗೆ ಹೋದರೆ ಲಾರಿಯ ಹಾರ್ನೂ ತಿಳಿಯುವುದಿಲ್ಲ ಎಂದು ಅಕ್ಕ ಗಿರಿಜಾ ಅಪ್ಪನ ಜೊತೆಗೇ ನಿಂತಳು. ಬ್ಯಾಂಕಿಗೆ ಅವಳು, ಆಸ್ಪತ್ರೆಗೆ ಅವಳು, ಮಾತಿಗೆಲ್ಲ ಅವಳು. ಟೀಚರ್ ಟ್ರೈನಿಂಗಿಗೆ ಸೀಟು ಬಂದಿತ್ತು, ಬಿಟ್ಟಳು. ಹೆಣ್ಣು ನೋಡಲು ಬಂದವರು ಮುದುಕನನ್ನೂ ಕಟ್ಟಿಕೊಳ್ಳಬೇಕೇನೋ ಎಂದು ಹಿಂದೆ ಸರಿದರು. ಅಪ್ಪ ತೀರಿಕೊಂಡಾಗ ಅಕ್ಕನಿಗೆ ನಲವತ್ತಾರು. ಶವದ ಮುಂದೆ ಕೂತ ಅವಳ ಮುಖವನ್ನು ಹಾಲೇಶ ನೋಡಿದ್ದ. ದುಃಖವಿತ್ತು, ಅದರ ಹಿಂದೆ ಇನ್ನು ನಾಳೆ ಎದ್ದು ಏನು ಮಾಡಲಿ ಎಂಬ ದಿಗಿಲಿತ್ತು. ತನ್ನ ಕಿವಿ ಮಹಿಮಾಳ ಕೊರಳಿಗೆ ಬೀಳಬಾರದು ಎಂದು ಅವನು ತೀರ್ಮಾನಿಸಿದ್ದು ಅದಕ್ಕೇ. ಅವನ ಬದುಕಿನಲ್ಲಿ ಹಟವೆಂದು ಇದ್ದದ್ದು ಅದೊಂದೇ.

ಇನ್ನು ಸಿನಿಮಾದ ಮಾತು. ಮಹಿಮಾಳಿಗೆ ಹತ್ತು ವರ್ಷವಾದಾಗ ಹಾಲೇಶ ಅವಳನ್ನು ಒಂದು ಇಂಗ್ಲಿಷ್ ಸೂಪರ್‌ಹೀರೋ ಚಿತ್ರಕ್ಕೆ ಕರೆದೊಯ್ದ. ಹಿಂದಿಗೆ ಡಬ್ ಆಗಿತ್ತು. ಗಣಿಯಲ್ಲಿ ದುಡಿಯುವ ಒಬ್ಬ ಮನುಷ್ಯನಿಗೆ ಅದೇನೋ ಕಲ್ಲು ತಗುಲಿ, ಎಷ್ಟು ಭಾರ ಬೇಕಾದರೂ ಹೊರುವ ಶಕ್ತಿ ಬರುತ್ತದೆ. ಆಗ ಹಾಲೇಶನಿಗೆ ಅರ್ಧಕ್ಕರ್ಧ ಕೇಳಿಸುತ್ತಿತ್ತು, ಅದರಲ್ಲೂ ಥಿಯೇಟರಿನ ಸದ್ದು ಅವನಿಗೆಂದೇ ಮಾಡಿದಂತಿತ್ತು. ಮುರಿದ ಸೇತುವೆಯನ್ನು ನಾಯಕ ಹೆಗಲ ಮೇಲೆ ಹೊತ್ತು ರೈಲು ದಾಟಿಸಿದಾಗ ಅಪ್ಪ ಮಗಳು ಇಬ್ಬರೂ ಕುರ್ಚಿಯಿಂದೆದ್ದಿದ್ದರು. ಆಮೇಲೆ ಒಂದು ವಾರ ಮಹಿಮಾ ದಿಂಬು, ಬಕೆಟ್ಟು, ಅಮ್ಮನ ಸೀರೆಯ ಗಂಟು, ಕಣ್ಣಿಗೆ ಬಿದ್ದದ್ದನ್ನೆಲ್ಲ ಹೊತ್ತು ಓಡಾಡಿದಳು.

ಎರಡನೇ ಭಾಗ ಬರುವ ಹೊತ್ತಿಗೆ ಎಂಟು ವರ್ಷ ಕಳೆದಿತ್ತು. ಅಹಮದಾಬಾದಿನ ಒಂದು ಡಿಸೈನ್ ಕಾಲೇಜಿನಲ್ಲಿ ಬಟ್ಟೆಯ ವಿನ್ಯಾಸ ಕಲಿಯಬೇಕೆಂದು ಮಹಿಮಾ ಆ ಬೇಸಿಗೆಯಲ್ಲಿ ಪ್ರವೇಶ ಪರೀಕ್ಷೆ ಬರೆದಿದ್ದಳು. ಹಾಲೇಶನಿಗೆ ಒಳಗೊಳಗೇ ಹೆಮ್ಮೆ. ತಾನು ಮೂರು ದಶಕ ಉದ್ದಗಲ ಮಾಡಿದ ಬಟ್ಟೆಗೆ ಮಗಳು ಹೂವು ಬಿಡಿಸುತ್ತಾಳೆ ಎಂದು ಶೆಡ್ಡಿನಲ್ಲಿ ಹತ್ತು ಜನರಿಗೆ ತುಟಿಯಲ್ಲೇ ಸಾರಿದ್ದ. ಮೊದಲ ಪಟ್ಟಿ ಬಂತು, ಅವಳ ಹೆಸರಿರಲಿಲ್ಲ. "ವೇಟಿಂಗ್ ಇದೆ ಅಪ್ಪ" ಎಂದಳು. ಹದಿನೈದು ದಿನ ಬಿಟ್ಟು, "ಪಿಕ್ಚರ್‌ಗೆ ಹೋಗೋಣ ಅಪ್ಪ, ಪಾರ್ಟ್ ಟೂ ಬಂದಿದೆ" ಎಂದು ಅವಳೇ ಕರೆದಳು. ಭಾನುವಾರದ ಮ್ಯಾಟಿನಿ.

ಹಾಲೇಶನಿಗೆ ಆ ಸಿನಿಮಾ ಒಂದು ಶಿಕ್ಷೆಯಾಗಬೇಕಿತ್ತು. ಕಿವಿಗೆ ಬರೀ ನಡುಕ ಬರುತ್ತಿತ್ತು, ಎದೆಗೂಡಿನಲ್ಲಿ ಗುಡುಗಿದ ಹಾಗೆ. ತುಟಿ ಓದೋಣವೆಂದರೆ ಡಬ್ಬಿಂಗ್. ಪರದೆಯ ಮೇಲಿನವರು ಆಡುವುದು ಇಂಗ್ಲಿಷು, ಜನ ಕೇಳುವುದು ಹಿಂದಿ, ನಡುವೆ ಹಾಲೇಶನಿಗೆ ಎರಡೂ ಇಲ್ಲ. ಆದರೂ ಆಶ್ಚರ್ಯವೆಂಬಂತೆ ಕಥೆ ಅರ್ಥವಾಗುತ್ತಾ ಹೋಯಿತು. ಯಾರು, ಎಲ್ಲಿಯವನು, ಕಲ್ಲು ಎಲ್ಲಿಂದ ಬಂತು ಎಂದು ಈ ಸಲ ಯಾರೂ ಭಾಷಣ ಮಾಡಲಿಲ್ಲ. ನಾಯಕ ಬಾಗಿಲು ತೆಗೆದು ಒಳಗೆ ಬಂದರೆ ಸಾಕು, ಅವನು ನಮ್ಮವನೇ ಆಗಿದ್ದ. ಕೊನೆಯ ಹೊತ್ತಿಗೆ ಆಸ್ಪತ್ರೆಯೊಂದರ ಕಟ್ಟಡ ಕುಸಿಯುತ್ತದೆ, ನಾಯಕ ಎರಡೂ ಕೈಯಿಂದ ಚಾವಣಿ ಹಿಡಿದು ನಿಲ್ಲುತ್ತಾನೆ. ಎದುರಿಗೇ, ಹತ್ತು ಹೆಜ್ಜೆ ಆಚೆ, ಅವನ ತಮ್ಮ ಬಿರುಕಿನೊಳಗೆ ಜಾರುತ್ತಿದ್ದಾನೆ. ಕೈ ಬಿಟ್ಟರೆ ಆಸ್ಪತ್ರೆ ಬೀಳುತ್ತದೆ, ಬಿಡದಿದ್ದರೆ ತಮ್ಮ ಹೋಗುತ್ತಾನೆ. ಅಷ್ಟು ಬಲದವನು ಸುಮ್ಮನೆ ನಿಂತು ನೋಡಬೇಕಾಯಿತು.

ಆಗ ಮಹಿಮಾ ಅಪ್ಪನ ಕಿವಿಯ ಹತ್ತಿರ ಬಾಗಿ ಏನೋ ಹೇಳಿದಳು. ಉಸಿರಿನ ಬಿಸಿ ತಾಗಿತು, ಮಾತು ತಾಗಲಿಲ್ಲ. ಕತ್ತಲಲ್ಲಿ ಅವಳ ತುಟಿ ಕಾಣಲಿಲ್ಲ. ಸ್ವಲ್ಪ ಉದ್ದದ ಮಾತೇ ಇತ್ತು. ಸಿನಿಮಾದ ವಿಷಯವಿರಬೇಕು ಎಂದುಕೊಂಡ ಹಾಲೇಶ, ಪರದೆಯಿಂದ ಕಣ್ಣು ಕೀಳದೆ, "ಹೂಂ. ಒಳ್ಳೇದಾತು ಬಿಡು" ಎಂದ. ಮಹಿಮಾ ಅಂಗೈಯಿಂದ ಕೆನ್ನೆ ಒರೆಸಿಕೊಂಡದ್ದು ಪರದೆಯ ಬೆಳಕಿನಲ್ಲಿ ಕಂಡಿತು. ಆ ತಮ್ಮನಿಗಾಗಿ ಅಳುತ್ತಿದ್ದಾಳೆ ಎಂದು ಅವನು ಅವಳ ಬೆನ್ನು ತಟ್ಟಿದ.

ಹೊರಗೆ ಬಂದು ಇಬ್ಬರೂ ಲೋಚೋ ಅಂಗಡಿಯ ಮುಂದೆ ನಿಂತರು. ಕಡಲೆಬೇಳೆ ಹಿಟ್ಟು ಬೇಯಿಸಿದ ಬಿಸಿ ಲೋಚೋ, ಅದರ ಮೇಲೆ ಸೇವು, ಈರುಳ್ಳಿ. ಬೆಳಕಿತ್ತು, ಅವಳು ಎದುರಿಗಿದ್ದಳು, ಹಾಲೇಶನಿಗೆ ಜೀವ ಬಂದಂತಾಯಿತು. ಮಹಿಮಾ ಚಮಚ ಆಡಿಸುತ್ತಾ ನಿಧಾನವಾಗಿ ಹೇಳಿದಳು: "ಅಪ್ಪ, ಸೆಕೆಂಡ್ ಪಾರ್ಟ್ ಜಾಸ್ತಿ ಅಚ್ಛಾ ಇದೆ. ಫಸ್ಟ್‌ನಲ್ಲಿ ಒಂದು ಗಂಟೆ ಬರೀ ಅವನಿಗೆ ಪವರ್ ಹೆಂಗೆ ಬಂತು, ಡ್ರೆಸ್ ಯಾರು ಹೊಲಿದರು, ಅದೇ. ಇದರಲ್ಲಿ ನಮಗೆ ಅವನು ಮೊದಲೇ ಗೊತ್ತು. ಅದಕ್ಕೇ ಸೀದಾ ಅವನ ಟೆನ್ಷನ್‌ನಿಂದ ಶುರು."

"ಏನ್ ಅಚ್ಛಾ? ತಮ್ಮನ್ನ ಉಳಿಸಾಕೆ ಆಗ್ಲಿಲ್ಲ. ಮೊದಲ್ನೇದ್ರಾಗೆ ಎಲ್ಲಾರನ್ನೂ ಉಳಿಸಿದ್ದ. ಅದು ಹೀರೋ" ಎಂದ ಹಾಲೇಶ.

"ಅದು ಈಸಿ ಅಲ್ವಾ? ಪವರ್ ಇದ್ರೆ ಉಳಿಸ್ತಾನೆ. ಪವರ್ ಇದ್ದೂ ಆಗದೇ ಇರೋದು ಏನಿದೆ ಅಂತ ಫಸ್ಟ್ ಪಾರ್ಟ್‌ಗೆ ಗೊತ್ತಾಗಲ್ಲ. ಅದು ಗೊತ್ತಾಗೋಕೆ ಸೆಕೆಂಡ್ ಬೇಕು."

ಹಾಲೇಶ ಒಪ್ಪಲಿಲ್ಲ. ದುಡ್ಡು ಕೊಟ್ಟು ಸೋಲು ನೋಡಲು ಹೋಗಬೇಕೆ ಎಂದು ವಾದಿಸಿದ. ಮಗಳು ನಕ್ಕು ತನ್ನ ತಟ್ಟೆಯ ಸೇವನ್ನು ಅವನ ತಟ್ಟೆಗೆ ಹಾಕಿದಳು.

ಡಿಸೈನ್ ಕಾಲೇಜಿನ ಮಾತು ಆಮೇಲೆ ಮನೆಯಲ್ಲಿ ಬರಲಿಲ್ಲ. ಜುಲೈಯಲ್ಲಿ ಮಹಿಮಾ ಸೂರತ್ತಿನಲ್ಲೇ ಬಿ.ಕಾಂಗೆ ಸೇರಿದಳು. ಸೀಟು ಸಿಗಲಿಲ್ಲ ಎಂದು ಹಾಲೇಶ ಅರ್ಥ ಮಾಡಿಕೊಂಡ, ಕೆದಕಿ ಕೇಳಿದರೆ ಮಗಳಿಗೆ ನೋವಾದೀತೆಂದು ಸುಮ್ಮನಾದ.

ದೀಪಾವಳಿ ರಜೆ ಮುಗಿದ ವಾರ ಒಂದು ಬೆಳಗ್ಗೆ ಅವನು ಕೆಲಸಕ್ಕೆ ಹೊರಟು ಉಧ್ನಾ ಸ್ಟೇಷನ್ನಿನ ಮೇಲ್ಸೇತುವೆ ದಾಟಿ ಪ್ಲಾಟ್‌ಫಾರ್ಮಿಗೆ ಇಳಿದ. ಹಳಿಯಾಚೆಯ ಪ್ಲಾಟ್‌ಫಾರ್ಮಿನಲ್ಲಿ ಮಹಿಮಾ ನಿಂತಿದ್ದಳು, ಇವನ ಕಡೆ ಬೆನ್ನು. ಅವಳ ಎದುರಿಗೆ ಬ್ಯಾಗು ಹಿಡಿದು ನಿಶ್ಚಿತಾ. ಅದೇ ಓಣಿಯ ಕನ್ನಡದ ಹುಡುಗಿ, ಮಹಿಮಾಳ ಜೊತೆಯೇ ಪರೀಕ್ಷೆ ಬರೆದು ಅಹಮದಾಬಾದಿಗೆ ಸೇರಿದವಳು. ರಜೆ ಮುಗಿಸಿ ವಾಪಸು ಹೊರಟಿದ್ದಳು. ವಡೋದರಾ ಕಡೆಯಿಂದ ಬಂದ ಗಾಡಿಯೊಂದು ಆಗಷ್ಟೇ ಹೋಗಿ ನಡುವಿನ ಹಳಿ ಖಾಲಿಯಾಗಿತ್ತು. ಮಗಳನ್ನು ಕೂಗಬೇಕೆಂದು ಬಾಯಿ ತೆರೆದವನು ನಿಶ್ಚಿತಾಳ ತುಟಿ ನೋಡಿ ಹಾಗೇ ನಿಂತ. ಅಭ್ಯಾಸ, ಏನು ಮಾಡುವುದು. ಇಲ್ಲೇ ಬೆಳೆದ ಹುಡುಗಿಯರು ತಮ್ಮಲ್ಲಿ ಆಡುವುದು ಹಿಂದಿಯೇ, ಒಂದೊಂದು ಅಕ್ಷರವೂ ಸ್ಪಷ್ಟವಾಗಿತ್ತು.

"ಎರಡನೇ ಲಿಸ್ಟಲ್ಲಿ ನಿನ್ನ ಹೆಸರಿತ್ತು. ನಾನೇ ನೋಡಿದ್ದೆ. ಯಾಕೆ ಬಿಟ್ಟೆ ಅಂತ ಈಗಲಾದ್ರೂ ಹೇಳು."

ಮಹಿಮಾಳ ತಲೆ ಅಲ್ಲಾಡಿತು. ಬೆನ್ನಿಗೆ ತುಟಿಯಿಲ್ಲ.

"ಅಪ್ಪನಿಗೆ ಹೇಳಿದ್ಯಾ? ಹೇಳಿದ ಮೇಲೂ ಅವರು ಏನೂ ಅನ್ನಲಿಲ್ವಾ?"

ಮತ್ತೆ ಬೆನ್ನು.

ನಿಶ್ಚಿತಾಳ ಹುಬ್ಬು ಮೇಲೇರಿತು. "ಸಿನಿಮಾ ಥಿಯೇಟರಲ್ಲಿ ಯಾರಾದ್ರೂ ಅಂಥ ಮಾತು ಹೇಳ್ತಾರಾ?"

ಅಷ್ಟರಲ್ಲಿ ಅಹಮದಾಬಾದಿನ ಗಾಡಿ ಬಂದು ಇಬ್ಬರನ್ನೂ ಮುಚ್ಚಿತು.

ಹಾಲೇಶ ಅಂದು ಶೆಡ್ಡಿಗೆ ಹೋದ, ಕೆಲಸವನ್ನೂ ಮಾಡಿದ, ಏನು ಮಾಡಿದನೆಂದು ಅವನಿಗೇ ನೆನಪಿಲ್ಲ. ಆ ಬಿಸಿಯುಸಿರು, ಆ ಉದ್ದದ ಮಾತು. ಸೀಟು ಬಂದಿದೆ ಅಪ್ಪ, ಕಳಿಸ್ತೀಯಾ ಎಂದು ಕೇಳಿರಬೇಕು. ಅಥವಾ ಬಿಟ್ಟುಬಿಡಲಾ ಎಂದು. ಅದಕ್ಕೆ ತಾನು, ಮೂರೂ ಬಿಟ್ಟವನ ಹಾಗೆ, ಒಳ್ಳೇದಾಯಿತು ಬಿಡು ಎಂದಿದ್ದ. ಬೆನ್ನು ಬೇರೆ ತಟ್ಟಿದ್ದ. ಮಗಳು ಅಪ್ಪನಿಗೆ ಇಷ್ಟವಿಲ್ಲವೆಂದು ತಿಳಿದು ಬಾಯಿ ಮುಚ್ಚಿಕೊಂಡಿದ್ದಾಳೆ. ಗುಟ್ಟು ಉಳಿಸಿಕೊಳ್ಳಲು ಎಂಟು ವರ್ಷ ಬೀಸಿದ ಆ "ಹೂಂ" ಕೊನೆಗೆ ಬಿದ್ದದ್ದು ಯಾರ ಮೇಲೆ! ತನ್ನನ್ನು ತಾನೇ ಹಿಡಿದು ಬಡಿಯಬೇಕೆನ್ನಿಸಿತು. ಅಹಮದಾಬಾದೇನು ಸಮುದ್ರದಾಚೆ ಇಲ್ಲ, ನಾಲ್ಕು ಗಂಟೆಯ ದಾರಿ. ಆದರೆ ಪ್ರವೇಶದ ತಾರೀಖು ಮುಗಿದು ನಾಲ್ಕು ತಿಂಗಳಾಗಿತ್ತು. ಆಸ್ಪತ್ರೆಯ ಚಾವಣಿ ಹಿಡಿದು ನಿಂತಿದ್ದ ಆ ಪಾಪದವನ ಮುಖ ಕಣ್ಣ ಮುಂದೆ ಬಂತು. ಎರಡನೇ ಭಾಗವೇ ಒಳ್ಳೆಯದೆಂದು ಮಗಳು ಏಕೆ ಹೇಳಿದಳೋ ಅವನಿಗೆ ಈಗ ಅರ್ಥವಾಯಿತು, ಅರ್ಥವಾದದ್ದರಿಂದ ಪ್ರಯೋಜನವೇನೂ ಆಗಲಿಲ್ಲ.

ಐದು ದಿನ ಒದ್ದಾಡಿದ. ನಿಜ ಹೇಳಿದರೆ, ಅಪ್ಪ ಬೇಡವೆಂದಿರಲಿಲ್ಲ ಎಂದು ಮಗಳಿಗೆ ಗೊತ್ತಾಗುತ್ತದೆ. ಅಪ್ಪ ಕಿವುಡನೆಂದೂ ಗೊತ್ತಾಗುತ್ತದೆ. ಹೇಳದಿದ್ದರೆ ಅವಳು ಜೀವನವಿಡೀ ಅಪ್ಪನೇ ಅಡ್ಡ ಬಂದನೆಂದು ತಿಳಿಯುತ್ತಾಳೆ. ಅದಾದರೂ ವಾಸಿ, ಅಪ್ಪನನ್ನು ಬೈದುಕೊಂಡಾದರೂ ದೂರ ಹೋದಾಳು ಎಂದು ಒಮ್ಮೆ ಅನ್ನಿಸಿತು. ಆದರೆ ಅವಳು ಹಾಗೆ ತಿಳಿದುಕೊಂಡಿರುವುದನ್ನು ಅವನಿಂದ ಸಹಿಸಲಾಗಲಿಲ್ಲ. ಅಷ್ಟು ದೊಡ್ಡ ಮನಸ್ಸು ಅವನಿಗಿರಲಿಲ್ಲ, ಅದನ್ನು ತಪ್ಪೆಂದು ಹೇಳಲು ನನಗೆ ಬಾಯಿ ಬರುವುದಿಲ್ಲ.

ಭಾನುವಾರ ಮಧ್ಯಾಹ್ನ ಊಟವಾಗಿತ್ತು. ಪ್ರೇಮಾ ಕಿಟಕಿಯ ಕಡೆ ಮುಖ ಮಾಡಿ, ಮಡಿಲ ಮೇಲೆ ಸೀರೆ ಹರಡಿ ಹರಳು ಅಂಟಿಸುತ್ತಿದ್ದಳು. ಹಾಲೇಶ ಮಹಿಮಾಳನ್ನು ಮಂಚದ ಮೇಲೆ ಎದುರಿಗೆ ಕೂರಿಸಿಕೊಂಡು ಸಣ್ಣ ದನಿಯಲ್ಲಿ ಹೇಳಿದ. "ಅವತ್ತು ಥಿಯೇಟರ್‌ನಾಗೆ ನೀ ಹೇಳಿದ್ದು ನಂಗೆ ಕೇಳಿಸ್ಲಿಲ್ಲವ್ವ. ಸೀಟಿಂದು. ನಾ ಬ್ಯಾಡ ಅಂದಿದ್ದಲ್ಲ. ನಂಗೆ ಕಿವಿ ಕೇಳ್ಸಂಗಿಲ್ಲ. ಭಾಳ ವರ್ಷಾತು."

ಮಹಿಮಾ ಬೆಚ್ಚಲಿಲ್ಲ. ಅವನ ಮೊಣಕಾಲಿನ ಮೇಲೆ ಕೈಯಿಟ್ಟು, ತುಟಿಯನ್ನು ಅವನಿಗೆ ಸರಿಯಾಗಿ ಕಾಣುವಂತೆ ತಿರುಗಿಸಿಕೊಂಡಳು. ಅವಳು ಯಾವಾಗಲೂ ಹಾಗೆಯೇ ಕೂರುತ್ತಿದ್ದಳು ಎಂಬುದು ಹಾಲೇಶನಿಗೆ ಆ ಗಳಿಗೆಯಲ್ಲಿ ಹೊಳೆಯಿತು.

"ನಂಗೆ ಪತಾ ಇತ್ತು ಅಪ್ಪ. ನೈನ್ತ್‌ನಿಂದ."

"ಹೆಂಗೆ?"

"ಒಂದ್ಸಲ ನಾನು ಊಟ ಮಾಡಿದ್ಯಾ ಕೇಳಿದೆ. ನೀನು ಮಾತಾಡಿದೆ, ಆವಾಜ್ ಬರಲಿಲ್ಲ. ಶೆಡ್‌ನಲ್ಲಿ ಮಾಡ್ತೀಯಲ್ಲ, ಹಂಗೆ. ಬರೀ ತುಟಿ. ನಿಂಗೆ ಗೊತ್ತೇ ಆಗ್ಲಿಲ್ಲ. ಆಮೇಲೆ ಬಹಳ ಸಲ ಹಂಗೇ ಆಯ್ತು."

ಹಾಲೇಶನ ಕೈ ತಾನಾಗಿಯೇ ಬಾಯಿಗೆ ಹೋಯಿತು. ಕೈ ತೆಗೆದು ಕೇಳಿದ. "ಗೊತ್ತಿದ್ರೆ ಅಲ್ಲಿ ಯಾಕ ಹೇಳ್ದಿ? ಆ ಕತ್ತಲಾಗೆ?"

"ಹೇಳದೇ ಇದ್ರೆ ಮೋಸ ಆಗ್ತಿತ್ತು. ಕೇಳಿಸಿದ್ರೆ ನೀನು ಕಳಿಸಿಬಿಡ್ತಿದ್ದೆ." ಅವಳು ನಿಧಾನವಾಗಿ, ಒಂದೊಂದೇ ಮಾತು ಆರಿಸಿ ಹೇಳಿದಳು. "ನಾನು ಹೋದ್ರೆ ಫೋನ್ ಯಾರು ತಗೊಳ್ತಾರೆ? ಅಮ್ಮನಿಗೆ ಗೊತ್ತೇ ಇಲ್ಲ. ರೋಡ್‌ನಲ್ಲಿ ನಿನ್ನ ಜೊತೆ ಯಾರು ನಡೀತಾರೆ?"

ಹಾಲೇಶನ ಎದುರಿಗೆ ಗಿರಿಜಕ್ಕ ಕೂತಿದ್ದಳು. ಹದಿನೆಂಟರ ಗಿರಿಜಕ್ಕ. ಯಾವುದು ಆಗಬಾರದೆಂದು ಎಂಟು ವರ್ಷ ಹಲ್ಲು ಕಚ್ಚಿದ್ದನೋ ಅದು ನಾಲ್ಕು ವರ್ಷದಿಂದ ಅವನ ಮನೆಯಲ್ಲೇ ಆಗುತ್ತಿತ್ತು, ಅವನ ಪಕ್ಕದಲ್ಲೇ ರಸ್ತೆ ದಾಟುತ್ತಿತ್ತು. ಅವನಿಗೆ ಸಿಟ್ಟು ಬಂತು, ಅಳು ಬಂತು, ಎರಡೂ ಕೂಡಿ ಮಾತಾಗಿ ಹೊರಟವು. ಮುಂದಿನ ವರ್ಷ ಮತ್ತೆ ಪರೀಕ್ಷೆ ಬರಿ ಎಂದ. ನೀನು ಹೋಗಲೇಬೇಕು ಎಂದ. ನಿನ್ನ ಅತ್ತೆಯ ಬದುಕು ಹಾಳಾದದ್ದು ಸಾಲದೇ ಎಂದ. ಮಷೀನು ಹಾಕಿಕೊಳ್ಳುತ್ತೇನೆ, ಅಮ್ಮನಿಗೆ ಇವತ್ತೇ ಎಲ್ಲ ಹೇಳುತ್ತೇನೆ, ನೀನು ನನ್ನ ಕಿವಿಯಾಗಲು ಹುಟ್ಟಿದವಳಲ್ಲ ಎಂದ. ಜನ್ಮದಲ್ಲಿ ಅಷ್ಟು ಉದ್ದ ಮಾತಾಡಿದವನಲ್ಲ. ಮಹಿಮಾಳ ಕಣ್ಣಲ್ಲಿ ನೀರು ತುಂಬಿತು. ಅವಳು ಅವನ ತುಟಿಯನ್ನೇ ನೋಡುತ್ತಿದ್ದಳು.

ಪ್ರೇಮಾ ಮಾತ್ರ ತಿರುಗಲಿಲ್ಲ. ನಾಲ್ಕು ಮಾರು ದೂರದಲ್ಲಿ ಕೂತು, ಗಂಡ ಇಷ್ಟೆಲ್ಲ ಹೇಳುತ್ತಿದ್ದರೂ, ಸೂಜಿಯ ಮೊನೆಯಿಂದ ಹರಳೆತ್ತಿ ಅಂಟಿಸುತ್ತಲೇ ಇದ್ದಳು. ಹಾಲೇಶ ಅವಳ ಬೆನ್ನು ನೋಡಿದ, ಮಗಳ ಮುಖ ನೋಡಿದ. ದನಿ ಹೊರಟೇ ಇರಲಿಲ್ಲ.

ಗಂಟಲು ಕೆರೆದು, ಹೊಟ್ಟೆಯಿಂದ ಗಾಳಿ ಎಳೆದು, ಮತ್ತೊಮ್ಮೆ ಹೇಳಿದ. "ಮುಂದಿನ ವರ್ಷ ನೀ ಹೋಗ್ತಿ."

ಈ ಸಲ ಜೋರಾಗಿಯೇ ಬಂದಿರಬೇಕು. ಪ್ರೇಮಾ ಬೆಚ್ಚಿ ತಿರುಗಿದಳು, ಹರಳಿನ ತಟ್ಟೆ ಮಗುಚಿತು. "ಯಾಕ್ ಹಿಂಗೆ ಒದರ್ತೀರಿ? ಎಲ್ಲಿಗೆ ಹೋಗ್ತಾಳೆ?"

ಮಹಿಮಾ ನೆಲಕ್ಕೆ ಕೂತು ಹರಳುಗಳನ್ನು ಒಟ್ಟುಮಾಡತೊಡಗಿದಳು. ಅಮ್ಮನ ಕಡೆ ತಿರುಗಿ ಅವಳು ಹೇಳಿದ್ದನ್ನು ಹಾಲೇಶ ಪಕ್ಕದಿಂದಲೇ ಓದಿದ.

"ಎಲ್ಲಿಗೂ ಇಲ್ಲಮ್ಮ."